ಶೇಕಡಾ ಎಂಟರಷ್ಟು ಭಯ

ಮೆಹರುನ್ನಿಸಾ ನದಾಫಳ ಎದೆ ನಿಮಿಷಕ್ಕೆ ತೊಂಬತ್ತಾರು ಸಲ ಬಡಿಯುತ್ತಿತ್ತು. ಎರಡು ಮಹಡಿ ಮೆಟ್ಟಿಲು ಹತ್ತಿದ ಯಾರ ಎದೆಯಾದರೂ ಅಷ್ಟು ಬಡಿಯುತ್ತದೆ. ಆದರೆ ಅವಳು ಆ ಹೊತ್ತಿನಲ್ಲಿ ಕಾಂಕ್ರೀಟ್ ಗೋಡೆಯಿಂದ ಒಂದು ಗೇಣು ದೂರದಲ್ಲಿ, ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಕಾರನ್ನು ಅಡ್ಡಡ್ಡ ಜಾರಿಸುತ್ತ ತಿರುವು ದಾಟುತ್ತಿದ್ದಳು. ಪಕ್ಕದ ಪಥದಲ್ಲಿದ್ದ ಫಿನ್ಲೆಂಡಿನ ಹೆಸರಾಂತ ಚಾಲಕನ ಎದೆ ನೂರೆಪ್ಪತ್ತೆರಡು ತೋರಿಸುತ್ತಿತ್ತು. ಅವಳು ಅವನನ್ನು ಸೋಲಿಸಿದಳು. ಕ್ರೀಡಾಂಗಣದ ನಲವತ್ತು ಸಾವಿರ ಜನ ಚಪ್ಪಾಳೆ ತಟ್ಟಿದರು. ಆದರೆ ಆ ಮೂರು ನಿಮಿಷಗಳಲ್ಲಿ ಅವಳ ಮಿಡಿತವನ್ನು ತಮ್ಮ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಇಪ್ಪತ್ತೆರಡು ಲಕ್ಷ ಜನರ ಪೈಕಿ ಹದಿನಾಲ್ಕು ಲಕ್ಷ ಜನ ಬೇರೆ ಚಾಲಕರ ಮಿಡಿತಕ್ಕೆ ಬದಲಾಯಿಸಿಕೊಂಡಿದ್ದರು.

ನಿಯಂತ್ರಣ ಕೊಠಡಿಯಲ್ಲಿ ಇಂದುಮತಿ ಅಣ್ಣಿಗೇರಿ ಆ ಅಂಕಿ ಇಳಿಯುವುದನ್ನು ನೋಡಿದಳು. ಅವಳ ಹಿಂದೆ ನಿಂತಿದ್ದ ಪ್ರದರ್ಶನ ನಿರ್ದೇಶಕ ಅರವಿಂದಾಕ್ಷ, "ಈಯಮ್ಮನ ಮೈಯಲ್ಲಿ ರಕ್ತ ಇದೆಯೋ ಎಂಜಿನ್ ಆಯಿಲ್ ಇದೆಯೋ" ಎಂದು ಗೊಣಗಿದ.

ಮಿಡಿತಪಟ್ಟಿ ಬಂದು ಅದು ಮೂರನೇ ವರ್ಷ. ಚಾಲಕರು ಅಂಗಿಯೊಳಗೆ ತೆಳುವಾದ ಒಂದು ಕವಚ ತೊಡುತ್ತಾರೆ. ಅದು ಎದೆಬಡಿತ, ಉಸಿರು, ಅಂಗೈಯ ತಂಪು, ತೋಳಿನ ನಡುಕ ಇಷ್ಟನ್ನೂ ಅಳೆದು ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಅಲ್ಲಿಂದ ಅದು ಜಗತ್ತಿನಾದ್ಯಂತ ಜನರ ಮಣಿಕಟ್ಟಿನ ಪಟ್ಟಿಗಳಿಗೆ ಹೋಗುತ್ತದೆ. ಪಟ್ಟಿ ಬಿಗಿಯುತ್ತದೆ, ಸಡಿಲಾಗುತ್ತದೆ, ತಣ್ಣಗಾಗುತ್ತದೆ. ಎರಡೇ ನಿಮಿಷದಲ್ಲಿ ನೋಡುವವನ ಎದೆ ಓಡಿಸುವವನ ಎದೆಯ ಹಿಂದೆ ಓಡತೊಡಗುತ್ತದೆ. ಮನೆಯ ಸೋಫಾದ ಮೇಲೆ ಕೂತೇ ಸಾವಿನ ಪಕ್ಕ ಹಾದು ಬರಬಹುದು. ಹೃದಯದ ಡಾಕ್ಟರುಗಳು ಎಚ್ಚರಿಕೆ ಕೊಟ್ಟರು, ಶಾಲೆಗಳು ಪಟ್ಟಿಯನ್ನು ನಿಷೇಧಿಸಿದವು. ಇಂದುಮತಿಯ ಪಕ್ಕದ ಮನೆಯ ಟೇಲರ್ ಸರೋಜವ್ವ ಮಾತ್ರ ಹೊಲಿಗೆ ಯಂತ್ರದ ಮುಂದೆಯೂ ಪಟ್ಟಿ ಬಿಚ್ಚುತ್ತಿರಲಿಲ್ಲ. "ನನ್ನ ಎದಿ ಹಿಂಗ ಹಾರಿ ಇಪ್ಪತ್ತು ವರ್ಷ ಆಗಿತ್ತವಾ" ಎನ್ನುತ್ತಿದ್ದಳು.

ಹುಬ್ಬಳ್ಳಿ, ಧಾರವಾಡಗಳ ನಡುವೆ ಕಟ್ಟಿದ ಹೊಸ ಕ್ರೀಡಾಂಗಣದಲ್ಲಿ ಆ ವರ್ಷದ ವಿಶ್ವ ತಾರಾ ರೇಸ್ ನಡೆಯುತ್ತಿತ್ತು. ಹದಿನಾರು ದೇಶಗಳಿಂದ ಹದಿನಾರು ಚಾಲಕರು. ರ‍್ಯಾಲಿಯಲ್ಲಿ ಗೆದ್ದವರು, ಸರ್ಕ್ಯೂಟಿನಲ್ಲಿ ಗೆದ್ದವರು, ಲಾರಿ ರೇಸಿನಲ್ಲಿ ಗೆದ್ದವರು. ಎಲ್ಲರಿಗೂ ಒಂದೇ ಬಗೆಯ ಕಾರು. ಹುಲ್ಲುಗಾವಲಿನ ಜಾಗದಲ್ಲಿ ಡಾಂಬರು ಹಾಕಿ, ಒಂದರೊಳಗೊಂದು ಹೆಣೆದಂತೆ ಎರಡು ಪಥ ಮಾಡಿದ್ದರು. ಇಬ್ಬರು ಒಟ್ಟಿಗೆ ಹೊರಡಬೇಕು, ಒಬ್ಬರು ಸೇತುವೆಯ ಮೇಲೆ, ಇನ್ನೊಬ್ಬರು ಕೆಳಗೆ ದಾಟಿ ಪಥ ಬದಲಾಯಿಸಬೇಕು, ಮೂರು ಸುತ್ತು ಮುಗಿಸಬೇಕು. ಸೋತವರು ಮನೆಗೆ.

ಭಾರತದ ಪರವಾಗಿ ಬಂದ ಮೆಹರುನ್ನಿಸಾ ಹುಬ್ಬಳ್ಳಿಯವಳೇ. ವಯಸ್ಸು ಮೂವತ್ತೊಂಬತ್ತು. ಅಪ್ಪನ ಲಾರಿಯಲ್ಲಿ ಹತ್ತಿಯ ಹೊರೆ ಹೇರಿಕೊಂಡು ಅಂಕೋಲಾ ಘಟ್ಟ ಇಳಿಯುತ್ತ ಸ್ಟೇರಿಂಗ್ ಕಲಿತವಳು. ಹದಿನಾರು ಜನರಲ್ಲಿ ಗೆಲ್ಲಬಲ್ಲವರು ಇಬ್ಬರೇ ಎಂದು ಬಲ್ಲವರು ಹೇಳುತ್ತಿದ್ದರು. ಒಬ್ಬಳು ಇವಳು, ಇನ್ನೊಬ್ಬ ಕೆನ್ಯಾದ ಜೋಸೆಫ್ ಮುಟುವಾ.

ಎರಡನೇ ದಿನ ಮಧ್ಯಾಹ್ನ, ಎಂಟು ಚಾಲಕರು ಉಳಿದಿದ್ದ ಹಂತದಲ್ಲಿ, ಸೇತುವೆಯಿಂದ ಇಳಿಯುವ ತಿರುವಿನಲ್ಲಿ ಮೆಹರುನ್ನಿಸಾಳ ಕಾರಿನ ಹಿಂಭಾಗ ಏಕಾಏಕಿ ಎಡಕ್ಕೆ ಎಳೆಯಿತು. ಕಾರು ಗೋಡೆಗೆ ಬಡಿದು, ಕಿಡಿ ಹಾರಿಸುತ್ತ ಮೂವತ್ತು ಮೀಟರ್ ಉಜ್ಜಿಕೊಂಡು ಹೋಯಿತು. ಅವಳು ಹೇಗೋ ತಿರುಗಿಸಿಕೊಂಡು, ಅರ್ಧ ಸೆಕೆಂಡಿನ ಅಂತರದಲ್ಲಿ ಗೆದ್ದಳು. ಇಳಿಯುವಾಗ ಪಕ್ಕೆ ಹಿಡಿದುಕೊಂಡಿದ್ದಳು. ಒಂದು ಎಲುಬು ಬಿರುಕು ಬಿಟ್ಟಿತ್ತು. ಅವಳ ಎದೆ ನೂರೆಂಬತ್ತೊಂದಕ್ಕೆ ಏರಿತ್ತು, ಅವಳ ಮಿಡಿತ ಕಟ್ಟಿಕೊಂಡವರ ಸಂಖ್ಯೆ ಅರವತ್ತು ಲಕ್ಷ ಮುಟ್ಟಿತ್ತು. ದೊಡ್ಡ ಪರದೆಯ ಮೇಲೆ ಅಕ್ಷರಗಳು ಮೂಡಿದವು: ಕೊನೆಗೂ ನಡುಗಿದ ಮೆಹರ್.

ಆ ಸಂಜೆ ಇಂದುಮತಿ ಮನೆಗೆ ಬಂದಾಗ ಅವಳ ಅಪ್ಪ ಫಕೀರಪ್ಪ ಪಡಸಾಲೆಯಲ್ಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಅವಳು ಊಟಕ್ಕೆ ಕೂತರೂ ಅವನು ಏಳಲಿಲ್ಲ.

"ಇಂದೂ, ಟೀವಿ ಚಿತ್ರಕ್ಕೂ ಈ ಪಟ್ಟಿಗೂ ಟೈಮಿನಾಗ ಎಷ್ಟು ಫರಕ ಇರತೈತಿ?"

"ಫರಕನ ಇಲ್ಲಪಾ. ಎರಡೂ ಒಂದ ಟೈಮಿಗೆ ಬರೂ ಹಂಗ ಮಾಡೂದ ನನ್ನ ಕೆಲಸ."

"ಹಂಗಾರ ಆಕಿ ತಪ್ಪು ಮಾಡಿಲ್ಲ."

ಇಂದುಮತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನೋಡವಾ," ಫಕೀರಪ್ಪ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ ತೋರಿಸಿದ. "ಡ್ರೈವರ್ ಕೈ ತಪ್ಪಿದ್ರ ಮೊದ್ಲ ಅವನ ಎದಿಗೆ ಗೊತ್ತಾಗತೈತಿ. ಝಲ್ ಅಂತೈತಿ, ಆಮ್ಯಾಲೆ ಗಾಡಿ ಎಳೀತೈತಿ. ನನಗ ಹಂಗ ಎಷ್ಟ ಸಲ ಆಗೈತಿ. ಇವತ್ತ ಗಾಡಿ ಮೊದ್ಲ ಎಳೀತು. ಎದಿ ಹಿಂದಿಂದ ಹಾರಿತು. ಆ ಗಾಡಿಗಿ ಬ್ಯಾರೆ ಯಾರೋ ಕೈ ಹಚ್ಚಿದಂಗ ಇತ್ತು."

"ಟೈರ್ ಜಾರಿರಬೇಕಪಾ."

"ಟೈರ್ ಜಾರಿದ್ರ ಕುಂಡಿಗಿ ಗೊತ್ತಾಗತೈತಿ, ಅದೂ ಮೊದ್ಲನ. ಎಲ್ಲಾ ಡ್ರೈವರ್ ಮಂದಿ ಕುಂಡೀಲಿಂದನ ಗಾಡಿ ಹೊಡೀತಾರ. ಆಕೀಗಂತೂ ಗೊತ್ತಾಗದ ಇರಾಕ ಶಕ್ಯ ಇಲ್ಲ."

ಇಂದುಮತಿ ನಕ್ಕಳು. ಊಟ ಮುಗಿಸಿದಳು. ಆದರೆ ಮರುದಿನ ಬೆಳಗಿನ ಚಹಾ ಕುಡಿಯದೆ ಕೆಲಸಕ್ಕೆ ಹೊರಟಳು.

ನಿಯಂತ್ರಣ ಕೊಠಡಿಯಲ್ಲಿ ಕಸ ಗುಡಿಸುವವರು ಮಾತ್ರ ಇದ್ದರು. ಅವಳು ಹಿಂದಿನ ದಿನದ ದಾಖಲೆ ತೆರೆದಳು. ಟೈರು ಸರಿಯಿತ್ತು, ಡಾಂಬರಿನ ತಾಪ ಸರಿಯಿತ್ತು. ಕೊನೆಗೆ ತುರ್ತು ಸಂಪರ್ಕದ ದಾಖಲೆ ತೆರೆದಳು. ಅದನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿತ್ತು. ಅದನ್ನು ಕಟ್ಟಿದವಳು ಅವಳೇ. ನಾಲ್ಕು ವರ್ಷದ ಹಿಂದೆ ಬೇರೊಂದು ದೇಶದ ಕ್ರೀಡಾಂಗಣದಲ್ಲಿ ಕಾರು ಮಗುಚಿದಾಗ ಎದುರು ಪಥದ ಕಾರನ್ನು ಸಮಯಕ್ಕೆ ನಿಲ್ಲಿಸಲಾಗದೆ ಒಬ್ಬ ಚಾಲಕ ಸತ್ತಿದ್ದ. ಆ ಸಾವಿನ ಚಿತ್ರಗಳನ್ನು ನೋಡಿ ನೋಡಿ ಇಂದುಮತಿ ಈ ಸಂಪರ್ಕ ಕಟ್ಟಿದ್ದಳು. ಕೊಠಡಿಯಿಂದ ಒಂದೇ ಆಜ್ಞೆ ಹೋಗಬೇಕು, ಕಾರು ನಿಲ್ಲಬೇಕು. ಅದರ ಹೊರತು ಇನ್ನೊಂದು ಆಜ್ಞೆ ಅದರಲ್ಲಿ ಇರಕೂಡದು.

ಇನ್ನೊಂದು ಇತ್ತು. ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ, ಹಿಂದಿನ ಎಡ ಚಕ್ರದ ಬ್ರೇಕನ್ನು ಶೇಕಡಾ ಎಂಟರಷ್ಟು ಹಿಡಿ, ಸೆಕೆಂಡಿನ ಮೂರನೇ ಒಂದು ಭಾಗದ ಹೊತ್ತು. ಎರಡು ದಿನದಲ್ಲಿ ಅಂಥ ಹದಿನೇಳು ಆಜ್ಞೆ ಹೋಗಿದ್ದವು, ಆರು ಚಾಲಕರಿಗೆ. ಆರೂ ಜನ ಮಿಡಿತ ತಣ್ಣಗಿದ್ದವರು. ಯಾರ ಎದೆ ಮೂವತ್ತು ಸೆಕೆಂಡು ಶಾಂತವಾಗಿರುತ್ತದೋ ಅವರ ಕಾರಿಗೆ ತಾನಾಗಿ ಒಂದು ಏಟು ಬೀಳುವಂತೆ ಯಾರೋ ಬರೆದಿದ್ದರು. ಪ್ರತಿ ಆಜ್ಞೆಯ ಮುಂದೆ ಅನುಮತಿ ಕೊಟ್ಟವರ ಗುರುತಿನ ಸಂಕೇತ ಇತ್ತು. ಅದು ಇಂದುಮತಿಯ ಗುರುತು.

ಅರವಿಂದಾಕ್ಷ ಒಂಬತ್ತಕ್ಕೆ ಬಂದ. ಅವಳು ಆ ಹದಿನೇಳು ಆಜ್ಞೆಗಳನ್ನು ಅಚ್ಚು ಹಾಕಿದ ಹಾಳೆ ಮುಂದಿಟ್ಟಾಗ ಅವನು ಸುಳ್ಳು ಹೇಳಲೂ ಹೋಗಲಿಲ್ಲ. ಅದೇ ಅವಳನ್ನು ಹೆಚ್ಚು ಕೆರಳಿಸಿತು.

"ಎಂಟೇ ಎಂಟು ಪರ್ಸೆಂಟು ಇಂದುಮತಿ. ಅಡುಗೆಗೆ ಉಪ್ಪು ಹಾಕಲ್ವಾ? ನುರಿತವರು ಅವರು, ಸಂಭಾಳಿಸ್ತಾರೆ. ಯಾರಾದ್ರೂ ಸತ್ರಾ?"

"ಒಬ್ಬಾಕಿ ಎಲುಬು ಮುರದೈತಿ."

"ಬಿರುಕು ಬಿಟ್ಟಿದೆ ಅಷ್ಟೆ. ಕಾರಿನ ಹೊಂದಾಣಿಕೆ ಸಂಘಟಕರ ಹಕ್ಕು ಅಂತ ಒಪ್ಪಂದದಲ್ಲಿ ಬರೆದಿದೆ. ಅವರೇ ಸಹಿ ಹಾಕಿದ್ದಾರೆ."

"ಇದನ್ನ ಚಾಲಕರಿಗೆ ಹೇಳೀರೇನು?"

ಅರವಿಂದಾಕ್ಷ ಅವಳನ್ನು ಏನೂ ಅರಿಯದವಳಂತೆ ನೋಡಿದ. "ಹೇಳಿದ್ರೆ ಅವರು ಹೆದರ್ತಾರಾ?"

ಇಂದುಮತಿ ಹಾಳೆಯನ್ನು ಅವನ ಕಡೆ ತಿರುಗಿಸಿದಳು. "ಇದಕ್ಕ ನನ್ನ ಗುರುತು ಯಾಕ ಹಾಕೀರಿ?"

"ಆ ಸಂಪರ್ಕಕ್ಕೆ ಬೇರೆ ಯಾರ ಗುರುತೂ ಹಿಡಿಯಲ್ವಲ್ಲ. ನೀವೇ ಹಾಗೆ ಕಟ್ಟಿದ್ದು." ಅವನು ದನಿ ತಗ್ಗಿಸಿದ. "ವಿಷಯ ಹೊರಗೆ ಹೋದ್ರೆ ಮೊದಲು ಕೇಳೋದು ನಿಮ್ಮನ್ನೇ. ಯೋಚನೆ ಮಾಡಿ. ಇವತ್ತು ವಿಶ್ರಾಂತಿ ದಿನ, ಮನೆಗೆ ಹೋಗಿ."

ಅವಳು ಮನೆಗೆ ಹೋಗಲಿಲ್ಲ. ಕ್ರೀಡಾಂಗಣದ ಹಿಂದಿನ ಷೆಡ್ಡುಗಳ ಕಡೆ ನಡೆದಳು. ಒಬ್ಬರ ಎದೆಯನ್ನು ಕೇಳಿಕೊಂಡು ಕೂತು, ಅದು ಸುಮ್ಮನಿದೆ ಎಂದು ಅದಕ್ಕೆ ಚುಚ್ಚುವುದು. ಅದನ್ನು ಉಪ್ಪು ಎಂದು ಕರೆಯುವುದು. ನಡೆಯುತ್ತ ನಡೆಯುತ್ತ ಅವಳ ಕಿವಿಯ ತುದಿ ಬಿಸಿಯೇರಿತು.

ಮೆಹರುನ್ನಿಸಾ ನಿಂತ ಕಾರಿನೊಳಗೆ ಕೂತಿದ್ದಳು. ಎಂಜಿನ್ ಬಂದ್ ಆಗಿತ್ತು. ಅಂಗಿಯ ಮೇಲೆ ಪಕ್ಕೆಗೆ ಅಗಲವಾದ ಬಟ್ಟೆ ಬಿಗಿದಿದ್ದರು. ಅವಳು ಕಣ್ಣು ಮುಚ್ಚಿ ಸ್ಟೇರಿಂಗನ್ನು ಬಲಕ್ಕೆ ಸ್ವಲ್ಪ ತಿರುಗಿಸುತ್ತಿದ್ದಳು, ಕಾಲಿನಿಂದ ಬ್ರೇಕ್ ಒತ್ತುತ್ತಿದ್ದಳು, ನಿಲ್ಲಿಸಿ ಮತ್ತೆ ಮೊದಲಿನಿಂದ ಮಾಡುತ್ತಿದ್ದಳು.

"ಅಕ್ಕಾರ," ಎಂದಳು ಇಂದುಮತಿ.

"ಬರ್ರಿ ಮೇಡಂ. ನೀವು ಮ್ಯಾಲಿನ ರೂಮಿನವರಲ್ಲ?" ಮೆಹರುನ್ನಿಸಾ ಕಣ್ಣು ತೆರೆದಳು. "ಆ ತಿರುವನ್ನ ಹುಡುಕಾಕತ್ತೇನ್ರಿ. ಬೆಳಿಗ್ಗಿಂದ ಇನ್ನೂರು ಸಲ ಮಾಡೇನಿ. ಎಲ್ಲಿ ತಪ್ಪಿತು ಅಂತ ಸಿಗವಲ್ದು. ಇಪ್ಪತ್ತೆರಡು ವರ್ಷ ಆತು ನಾ ಸ್ಟೇರಿಂಗ್ ಹಿಡದು, ಹಿಂಗ ಯಾವತ್ತೂ ಆಗಿದ್ದಿಲ್ಲ. ನಿನ್ನಿ ಅಬ್ಬಾಗ ಹೇಳಿಬಿಟ್ಟೆ, ಈ ರೇಸ್ ಮುಗದ ಮ್ಯಾಲೆ ನಾ ಗಾಡಿ ಬಿಡ್ತೇನಿ ಅಂತ. ಕೈ ಒಮ್ಮಿ ಸುಳ್ಳು ಹೇಳಿತಂದ್ರ ಮುಗೀತು, ಇನ್ನೊಬ್ಬರನ್ನ ಕೊಲ್ಲಾಕ ಹಿಂದ ಮುಂದ ನೋಡೂದಿಲ್ಲ ಅದು."

ಇಂದುಮತಿ ಹಾಳೆಯನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ಹದಿನೇಳು ಸಾಲುಗಳನ್ನೂ ಬಿಡಿಸಿ ಹೇಳಿದಳು. ತನ್ನ ಗುರುತು ಅದರಲ್ಲಿ ಇರುವುದನ್ನೂ ಮುಚ್ಚಿಡಲಿಲ್ಲ.

ಮೆಹರುನ್ನಿಸಾ ಹಾಳೆಯನ್ನು ತೊಡೆಯ ಮೇಲಿಟ್ಟು ತನ್ನ ಅಂಗೈಗಳನ್ನು ನೋಡಿಕೊಂಡಳು.

"ಎಲುಬಿಂದು ಬಿಡ್ರಿ, ಕೂಡತೈತಿ," ಎಂದಳು. ದನಿ ಏರಿರಲಿಲ್ಲ. "ನನ್ನ ಕೈ ಮ್ಯಾಲೆ ನನಗ ಸಂಶಯ ಬರೂ ಹಂಗ ಮಾಡಿದ್ರು. ನಮ್ಮ ಅಬ್ಬಾ ನನಗ ಆಸ್ತಿ ಕೊಟ್ಟಿಲ್ಲ, ಶಾಲಿ ಕೊಟ್ಟಿಲ್ಲ. ಈ ಎರಡು ಕೈ ತಯಾರು ಮಾಡಿ ಕೊಟ್ಟಾನ. ಅದನ್ನ ಕಸಗೊಂಡ್ರಲ್ರೀ, ನನಗ ಗೊತ್ತಾಗದಂಗ."

"ನೀವು ನಾಳೆ ಓಡಸಬ್ಯಾಡ್ರಿ. ಆ ಸಂಪರ್ಕ ನಾ ಕಡದು ಹಾಕಬಹುದು. ಆದ್ರ ಅದನ್ನ ಕಡದ್ರ, ಖರೇನ ಅಪಘಾತ ಆದಾಗ ಗಾಡಿ ನಿಲ್ಲಸಾಕ ಏನೂ ಉಳಿಯೂದಿಲ್ಲ."

"ನಾ ಒಬ್ಬಾಕಿ ಬಿಟ್ರ ಅಂಜಿ ಬಿಟ್ಲು ಅಂತಾರ. ಉಳದ ಮೂರು ಮಂದಿಗೆ ಹೊಡತಾ ಹಾಕ್ತಾರ." ಅವಳು ಪಕ್ಕೆ ಹಿಡಿದು ನಿಧಾನವಾಗಿ ಕಾರಿನಿಂದ ಇಳಿದಳು. "ನಡೀರಿ, ಎಲ್ಲಾರ್ನೂ ಕರಿಯೋಣ."

ಕೊನೆಯ ದಿನಕ್ಕೆ ಉಳಿದಿದ್ದ ನಾಲ್ವರೂ ಮುಟುವಾನ ಷೆಡ್ಡಿನಲ್ಲಿ ಸೇರಿದರು. ಇಂದುಮತಿ ಇಂಗ್ಲಿಷಿನಲ್ಲಿ ವಿವರಿಸಿದಳು. ಹಾಳೆಯಲ್ಲಿ ಮುಟುವಾನ ಹೆಸರು ಐದು ಸಲ ಇತ್ತು. ಅವನು ಐದನ್ನೂ ಬೆರಳಿಟ್ಟು ಎಣಿಸಿದ. ಮೊದಲ ದಿನ ಕಾರು ಎಳೆದಾಗ ಬ್ರೇಕ್ ಸರಿಯಾಗಿ ಜೋಡಿಸಿಲ್ಲವೆಂದು ಹದಿಮೂರು ವರ್ಷ ಜೊತೆಗಿದ್ದ ತನ್ನ ಮೆಕ್ಯಾನಿಕ್‌ನನ್ನು ಎಲ್ಲರೆದುರು ಬೈದು ನೈರೋಬಿಗೆ ಹಿಂದಕ್ಕೆ ಕಳಿಸಿದ್ದ. ಅವನು ಫೋನ್ ತೆಗೆದುಕೊಂಡು ಹೊರಗೆ ಹೋದ. ಹಿಂದಿರುಗಿದಾಗ ಕಣ್ಣು ಕೆಂಪಾಗಿದ್ದವು. ಮೆಕ್ಯಾನಿಕ್ ಫೋನ್ ಎತ್ತಿರಲಿಲ್ಲ.

ಮರುದಿನ ಮಧ್ಯಾಹ್ನ, ಓಟಕ್ಕೆ ಮುಂಚಿನ ಪರಿಚಯದ ಸುತ್ತಿಗೆ ನಾಲ್ಕೂ ಕಾರು ಸಾಲಾಗಿ ಬಂದು ಹೊರಡುವ ಗೆರೆಯ ಮೇಲೆ ನಿಂತವು. ವಾದ್ಯ ಮೊಳಗಿತು, ಹೆಸರು ಕೂಗಿದರು. ಹಸಿರು ದೀಪ ಹತ್ತಿತು. ಕಾರುಗಳು ಕದಲಲಿಲ್ಲ. ಒಂದೊಂದಾಗಿ ಎಂಜಿನ್ ನಿಂತವು, ಬಾಗಿಲು ತೆರೆದವು. ನಾಲ್ವರೂ ಇಳಿದು ಕಾರಿಗೆ ಬೆನ್ನು ಕೊಟ್ಟು ನಿಂತರು. ಹೆಲ್ಮೆಟ್ ತೆಗೆದು ನೆಲಕ್ಕಿಟ್ಟರು. ಮಿಡಿತದ ಕವಚ ಮಾತ್ರ ತೆಗೆಯಲಿಲ್ಲ.

ಕ್ರೀಡಾಂಗಣ ಗಲಿಬಿಲಿಗೊಂಡಿತು. ಮೆಹರುನ್ನಿಸಾ ಕೈ ನೀಡಿ ಮೈಕ್ ಕೇಳಿದಳು. ಅರವಿಂದಾಕ್ಷ ಮೇಲಿನಿಂದ ಮೈಕು ಬಂದ್ ಮಾಡಿಸಿ ಪರದೆಗೆ ಜಾಹೀರಾತು ಹಾಕಿಸಿದ. "ಮಿಡಿತವನ್ನೂ ನಿಲ್ಲಿಸಿ" ಎಂದು ಇಂದುಮತಿಗೆ ಹೇಳಿದ.

"ನಿಲ್ಲಸೂದಿಲ್ರಿ."

"ಏನಂದ್ರಿ?"

"ಅವರಿಗೆ ಈಗ ಏನ ಆಗಾಕತ್ತೈತೋ ಅದು ಮಂದೀಗೆ ಮುಟ್ಟಲಿ. ಅದಕ್ಕ ಅಲ್ಲೇನು ಅವರು ಪಟ್ಟಿ ಕಟಗೊಂಡಿದ್ದು?" ಎಂದು ಅವಳು ತನ್ನ ಹದಿನೇಳು ಸಾಲುಗಳನ್ನು ಜಾಹೀರಾತಿನ ಮೇಲೆ ಹಾಕಿದಳು. ಚಾಲಕರ ಹೆಸರು, ತಿರುವು, ಹೊತ್ತು, ಶೇಕಡಾ ಎಂಟು. ಕೆಳಗೆ ಎರಡು ವಾಕ್ಯ: ಇದನ್ನು ಮಾಡಿದ್ದು ಚಾಲಕರಲ್ಲ, ನಿಯಂತ್ರಣ ಕೊಠಡಿ. ಈ ಅನುಮತಿಯ ಗುರುತು ನನ್ನದು, ಇಂದುಮತಿ ಅಣ್ಣಿಗೇರಿ.

ಜನ ಓದಿ ಮುಗಿಸುವ ಮೊದಲೇ ಪಟ್ಟಿಗಳು ಬದಲಾದವು. ಹೆದರಿದವನ ರಕ್ತ ಕೈಗಳಿಂದ ಹಿಂದೆ ಸರಿಯುತ್ತದೆ, ಅಂಗೈ ತಣ್ಣಗಾಗುತ್ತದೆ. ಸಿಟ್ಟಿಗೆದ್ದವನ ರಕ್ತ ಕೈಗಳಿಗೆ ನುಗ್ಗುತ್ತದೆ. ಮೂರು ವರ್ಷ ಜನರಿಗೆ ತಂಪನ್ನಷ್ಟೇ ಮಾರಿದ್ದ ಆ ಪಟ್ಟಿ ಬಿಸಿಯನ್ನೂ ಕೊಡಬಲ್ಲದೆಂದು ಯಾರಿಗೂ ನೆನಪಿರಲಿಲ್ಲ. ಈಗ ನಲವತ್ತು ಸಾವಿರ ಮಣಿಕಟ್ಟುಗಳು ಒಟ್ಟಿಗೆ ಬಿಸಿಯಾದವು. ಯಾರೂ ಕೂಗಲಿಲ್ಲ. ಸಾಲು ಸಾಲಾಗಿ ಜನ ಎದ್ದು ನಿಂತು ಗಾಜಿನ ನಿಯಂತ್ರಣ ಕೊಠಡಿಯ ಕಡೆ ಮುಖ ತಿರುಗಿಸಿದರು. ಅರವಿಂದಾಕ್ಷ ಎರಡು ಹೆಜ್ಜೆ ಹಿಂದೆ ಸರಿದ. ಕಾವಲುಗಾರರು ಬಂದು ಇಂದುಮತಿಯನ್ನು ಮೇಜಿನಿಂದ ಎಬ್ಬಿಸಿಕೊಂಡು ಹೋಗುವಾಗ ಅವರ ಪೈಕಿ ಒಬ್ಬ ತನ್ನ ಮಣಿಕಟ್ಟು ಉಜ್ಜಿಕೊಳ್ಳುತ್ತ, "ಸುಡಾಕತ್ತೈತಿ ಮೇಡಂ" ಎಂದ.

ಮನೆಗೆ ಬಂದಾಗ ಫಕೀರಪ್ಪ ಹೇಳಿದ, "ಸರೋಜವ್ವ ಬೀದಿಗೆ ಬಂದು ನಿಂತ ಬಿಟ್ಟಿದ್ಲು. ನನಗೂ ಕೂಡಾಕ ಆಗಲಿಲ್ಲ. ಆ ಸಿಟ್ಟು ಅವರದೋ ನಂದೋ ಗೊತ್ತಾಗಲಿಲ್ಲವಾ."

ಮುಂದೆ ಆದದ್ದು ಯಾರಿಗೂ ಸಮಾಧಾನ ಕೊಡುವಂಥದ್ದಲ್ಲ. ಸಂಘಟಕರು ಅದನ್ನು ತಾಂತ್ರಿಕ ದೋಷ ಎಂದರು. ತನಿಖೆಗೆ ಸಮಿತಿ ಕೂತಿತು. ಒಪ್ಪಂದದ ಸಾಲನ್ನು ಓದಿ, ಮೇಲ್ನೋಟಕ್ಕೆ ನಿಯಮ ಮೀರಿಲ್ಲ ಎಂದಿತು. ಅನುಮತಿಯ ಗುರುತನ್ನು ದುರುಪಯೋಗ ಮಾಡಿಕೊಂಡಳೆಂದು ಇಂದುಮತಿಯನ್ನು ಕೆಲಸದಿಂದ ತೆಗೆದರು. ದುರುಪಯೋಗವೆಂದರೆ ಆ ಹದಿನೇಳು ಆಜ್ಞೆಗಳಲ್ಲ, ಅವನ್ನು ಪರದೆಗೆ ಹಾಕಿದ್ದು. ಅರವಿಂದಾಕ್ಷನಿಗೆ ಇನ್ನೂ ದೊಡ್ಡ ಪಂದ್ಯವೊಂದರ ಹೊಣೆ ಸಿಕ್ಕಿತು, ಸಮುದ್ರದಾಚೆಯ ಊರಿನಲ್ಲಿ. ಅವನು ಹೋಗುವ ಮುಂಚೆ ಕೊಟ್ಟ ಸಂದರ್ಶನದಲ್ಲಿ ಪ್ರೇಕ್ಷಕರ ಹಿತವೇ ತನಗೆ ಮುಖ್ಯ ಎಂದಿದ್ದ.

ಚಾಲಕರು ಮಾತ್ರ ಊರು ಬಿಡಲಿಲ್ಲ. ಎರಡು ವಾರದ ನಂತರದ ಭಾನುವಾರ ಕ್ರೀಡಾಂಗಣವನ್ನು ತಾವೇ ಬಾಡಿಗೆಗೆ ಹಿಡಿದು ಉಳಿದ ರೇಸ್ ಮುಗಿಸಿದರು. ಕವಚವಿಲ್ಲ, ಪಟ್ಟಿಯಿಲ್ಲ. ಕ್ರೀಡಾಂಗಣದ ಮೂರನೇ ಒಂದು ಭಾಗ ತುಂಬಿತ್ತು. ಫಕೀರಪ್ಪ ಸೇತುವೆಯ ಎದುರಿನ ಸಾಲಿನಲ್ಲಿ ಕೂತಿದ್ದ. ಮುಟುವಾನ ಷೆಡ್ಡಿನಲ್ಲಿ ಹೊಸ ಮೆಕ್ಯಾನಿಕ್ ಇದ್ದ. ಹಳೆಯವನು ಬರಲು ಒಪ್ಪಿರಲಿಲ್ಲ. ತುರ್ತು ಸಂಪರ್ಕದ ಮೇಜಿಗೆ ಚಾಲಕರು ಇಂದುಮತಿಯನ್ನೇ ಕರೆದು ಕೂರಿಸಿದ್ದರು. ಅವಳು ಅದನ್ನು ಮೊದಲಿನಂತೆ ಮಾಡಿದ್ದಳು. ಒಂದೇ ಆಜ್ಞೆ. ಆ ದಿನ ಅದು ಬೇಕಾಗಲಿಲ್ಲ.

ಕೊನೆಯ ಓಟ ಮೆಹರುನ್ನಿಸಾ ಮತ್ತು ಮುಟುವಾನ ನಡುವೆ. ಎರಡು ಸುತ್ತು ಅವಳೇ ಮುಂದಿದ್ದಳು. ಮೂರನೇ ಸುತ್ತಿನ ಕೊನೆಯ ತಿರುವಿನಲ್ಲಿ ಅವಳ ಕಾರು ಹೊರಬದಿಗೆ ಹೋಯಿತು, ಮುಟುವಾ ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆ ದಾಟಿದ. ಇಂದುಮತಿ ದಾಖಲೆಯನ್ನು ಎರಡು ಸಲ ತಿರುವಿ ಹಾಕಿದಳು. ಯಾವ ಆಜ್ಞೆಯೂ ಹೋಗಿರಲಿಲ್ಲ. ಮೆಟ್ಟಿಲು ಇಳಿದು ಓಡಿದಳು.

ಮೆಹರುನ್ನಿಸಾ ಕಾರಿನ ಬಾನೆಟ್ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಮುಖವೆಲ್ಲ ಬೆವರಿತ್ತು.

"ಅಕ್ಕಾರ, ನಾ ನೋಡಿದೆ, ಯಾರೂ ಏನೂ—"

"ಗೊತ್ತೈತ್ರಿ," ಎಂದು ಮೆಹರುನ್ನಿಸಾ ನಗತೊಡಗಿದಳು. ಪಕ್ಕೆ ನೋಯುತ್ತಿದ್ದರೂ ನಗು ನಿಲ್ಲಲಿಲ್ಲ. "ಬ್ರೇಕ್ ತಡಾ ಮಾಡಿ ಒತ್ತಿದೆ. ಒತ್ತೂಕಿಂತ ಮೊದ್ಲನ ಗೊತ್ತಾಗಿತ್ತು, ಎದಿ ಝಲ್ ಅಂದಿತ್ತು. ನಿಮ್ಮ ಕಾಗದದಾಗ ಕಾರಣ ಬರಿಯೂ ಜಾಗಾ ಇರತೈತಲ್ಲ, ಅಲ್ಲಿ ನನ್ನ ಹೆಸರು ಬರೀರಿ. ಪೂರಾ ಹೆಸರು ಬರೀರಿ."

ಇಂದುಮತಿ ಕೊಠಡಿಗೆ ಹಿಂದಿರುಗಿ ಕಾರಣದ ಜಾಗದಲ್ಲಿ ಬರೆದಳು: ಮೆಹರುನ್ನಿಸಾ ನದಾಫ್, ಸ್ವಂತ ತಪ್ಪು.